ಬಾವಿಗಿಳಿಸಿದ ನೀರು

ಭಾನುವಾರ, ಮಾರ್ಚ್ ೧೬
ಮನೆಯಿಂದ

ನನ್ನ ಕುಳ್ಳಿಗೆ,

ಅಮ್ಮನ ಆಶೀರ್ವಾದ. ನೀನೂ ನಿನ್ನ ಹಡಗೂ ಕ್ಷೇಮವಾಗಿದ್ದೀರಿ ಅಂತ ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ತುಂಬಾ ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಬೈದುಕೋ, ಆದರೆ ಕೋಪ ಇಟ್ಟುಕೊಳ್ಳಬೇಡ. ಬರೆಯೋಣ ಅಂತ ಕೂತಾಗಲೆಲ್ಲ "ನಾವೆಲ್ಲ ಚೆನ್ನಾಗಿದ್ದೇವೆ" ಅನ್ನುವ ಸಾಲಿಗೆ ಬಂದು ಪೆನ್ನು ಮುಷ್ಕರ ಹೂಡುತ್ತಿತ್ತು. ನೀನು ಬಂದರಿನಿಂದ ಫೋನು ಮಾಡಿದಾಗ "ಮಾವ ಯಾಕಮ್ಮ ಫೋನೇ ಎತ್ತಲ್ಲ?" ಅಂದೆ. ನಾನು "ಕೆಲಸ ಜಾಸ್ತಿ ಕಣೇ" ಅಂದೆ. ಅದು ಸುಳ್ಳು. ನಿನ್ನ ಮಾವ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲ, ಮೊದಲು ಅದನ್ನು ಓದಿಕೋ. ನಿಂತಿದ್ದರೆ ಕೂತುಕೋ. ಯಾಕೆಂದರೆ ಇನ್ನೊಂದು ಸುದ್ದಿ ಇದೆ. ನಮ್ಮ ಪಂಪ್‌ಹೌಸಿನ ಉದ್ದಣ್ಣ ಹೋಗಿಬಿಟ್ಟ. ನಿನಗೆ ಕುಳ್ಳಿ ಅಂತ ಹೆಸರಿಟ್ಟವನು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು "ಈಗ ಹೇಳು, ಯಾರು ಉದ್ದ?" ಅಂತ ಕೇಳುತ್ತಿದ್ದವನು, ಇನ್ನಿಲ್ಲ.

ಅಪ್ಪ ಚೆನ್ನಾಗಿದ್ದಾರೆ. ಕನ್ನಡಕದ ಅಂಗಡಿ ಎಂದಿನಂತೆ ನಡೆದಿದೆ. ನನ್ನನ್ನು ಈ ಕಾಗದದ ಮುಂದೆ ಕೂರಿಸಿದವರೇ ಅವರು. "ಬೇರೆಯವರ ಬಾಯಿಂದ ಗೊತ್ತಾದ್ರೆ ಅವಳು ಕಡಲಿಗೆ ಹಾರಿ ಈಜ್ಕೊಂಡೇ ಬರ್ತಾಳೆ. ಬರಿ" ಅಂದರು. ಟೀ ಇಟ್ಟು, ಬಾಗಿಲು ಎಳೆದುಕೊಂಡು ಹೋದರು. ಟೀ ಆರಿಹೋಗಿದೆ.

ಎಲ್ಲಿಂದ ಶುರು ಮಾಡಲಿ? ನೀರಿನಿಂದಲೇ ಮಾಡುತ್ತೇನೆ.

ನೀನು ಚಿಕ್ಕವಳಿದ್ದಾಗ ಮಾವನನ್ನು ಕೇಳಿದ್ದೆ, "ನೆಲದ ಕೆಳಗೆ ಎಣ್ಣೆಯ ಕೆರೆ ಇದೆಯಾ?" ಅಂತ. ಅವನು ನಮ್ಮ ಪಾತ್ರೆ ಉಜ್ಜುವ ಸ್ಪಂಜನ್ನು ನೆನೆಸಿ ತಂದು ನಿನ್ನ ಕೈಗಿಟ್ಟು, "ಕೆರೆಯಲ್ಲ ಪುಟ್ಟಾ, ಹೀಗೆ. ಎಣ್ಣೆ ಕಲ್ಲಿನ ಸಣ್ಣ ಸಣ್ಣ ತೂತಿನಲ್ಲಿ ಅಡಗಿ ಕೂತಿರುತ್ತೆ. ಅದರ ಕೆಳಗೆ ಯಾವುದೋ ಕಾಲದ ಉಪ್ಪುನೀರು. ಆ ನೀರು ಕೆಳಗಿಂದ ತಳ್ಳುತ್ತೆ, ಎಣ್ಣೆ ಮೇಲೆ ಬರುತ್ತೆ. ನಾವು ಬರೀ ಬಾಗಿಲು ತೆಗೆಯೋರು" ಅಂದಿದ್ದ. ನೀನು ಆ ಸ್ಪಂಜನ್ನು ಹಿಂಡಿ ನಡುಮನೆಯೆಲ್ಲ ಒದ್ದೆ ಮಾಡಿದ್ದೆ.

ಈಗ ನಮ್ಮ ಕಚ್ಚಾ ಎಣ್ಣೆಯ ಬಾವಿಗಳಿಗೆ ವಯಸ್ಸಾಗಿದೆ. ಎಣ್ಣೆ ತೆಗೆದಷ್ಟೂ ಕೆಳಗಿನ ಒತ್ತಡ ಇಳಿಯುತ್ತದೆ. ಮೇಲೆ ಬರುವುದರಲ್ಲಿ ಎಣ್ಣೆಗಿಂತ ಉಪ್ಪುನೀರೇ ಜಾಸ್ತಿ. ಆ ನೀರನ್ನು ಎಣ್ಣೆಯಿಂದ ಬೇರ್ಪಡಿಸಿ, ದೊಡ್ಡ ಟ್ಯಾಂಕಿನಲ್ಲಿ ತಿಳಿಯಾಗಲು ಬಿಟ್ಟು, ಮತ್ತೆ ನೆಲದೊಳಕ್ಕೇ ಒತ್ತುತ್ತೇವೆ. ಕೆಳಗಿನ ಕಲ್ಲಿಗೆ ನೀರು ಬೇಕು, ಇಲ್ಲದಿದ್ದರೆ ಎಣ್ಣೆ ಅಲುಗಾಡುವುದಿಲ್ಲ. ಬಂದ ನೀರಷ್ಟನ್ನೇ ಒತ್ತಿದರೆ ಸಾಲದು ಅಂತಾದಾಗ, ಹೋದ ವರ್ಷಕ್ಕಿಂತ ಹಿಂದಿನ ವರ್ಷ, ಪಂಪ್‌ಹೌಸಿನ ಹಿಂದೆ ಹೊಸ ಕೊಳವೆಬಾವಿಗಳನ್ನು ಕೊರೆದು ಮೇಲ್ಪದರದ ಅಂತರ್ಜಲವನ್ನೂ ಅದಕ್ಕೆ ಸೇರಿಸಿ ಇಳಿಸಲು ಶುರು ಮಾಡಿದರು. ಆ ತೀರ್ಮಾನ ಕ್ಷೇತ್ರದ ಹೊಣೆ ಹೊತ್ತ ನಿನ್ನ ಮಾವನದು. ತಪ್ಪು ಅಂತಲೂ ಹೇಳಲಾರೆ. ಒತ್ತಡ ಇಳಿಯುತ್ತಾ ಹೋಗಿದ್ದರೆ ಇಡೀ ಕ್ಷೇತ್ರಕ್ಕೇ ಬೀಗ ಬೀಳುತ್ತಿತ್ತು. ಆ ಬೀಗದ ಹಿಂದೆ ಎಷ್ಟು ಮನೆಗಳ ಒಲೆ ಇದೆ ಅಂತ ಅವನಿಗೆ ಗೊತ್ತಿತ್ತು.

ಆದರೆ ಆ ನೀರನ್ನು ಲ್ಯಾಬಿನಲ್ಲಿ ನೋಡಿದವಳು ನಾನು. ಕುಡಿಯಲು ಸಿಹಿ, ಕಣ್ಣಿಗೆ ಸ್ಫಟಿಕ. ಅದರಲ್ಲಿ ಸಲ್ಫೇಟ್ ಅನ್ನುವ ಲವಣ ಮಾತ್ರ ಧಾರಾಳವಾಗಿತ್ತು. ನೆಲದಾಳದಲ್ಲಿ, ಗಾಳಿಯೇ ಇಲ್ಲದ ಕಡೆ ಬದುಕುವ ಕೆಲವು ಸೂಕ್ಷ್ಮಜೀವಿಗಳಿವೆ. ಅವಕ್ಕೆ ಈ ಲವಣ ಸಿಕ್ಕಿದರೆ ಹಬ್ಬ. ಅದನ್ನು ಉಂಡು ಅವು ಬಿಡುವುದು ಕೊಳೆತ ಮೊಟ್ಟೆಯ ವಾಸನೆಯ ಒಂದು ವಿಷಗಾಳಿ. ಅಲ್ಲಿಯವರೆಗೆ ನಮ್ಮ ಬಾವಿಗಳಲ್ಲಿ ಆ ಗಾಳಿಯ ಸುಳಿವೇ ಇರಲಿಲ್ಲ. ನೀರಿಗೆ ಔಷಧ ಹಾಕಿ ಜೀವಿಗಳನ್ನು ಕೊಂದು ಆಮೇಲೆ ಇಳಿಸಬೇಕು. ಹಾಕದಿದ್ದರೆ ಒಂದು ದಿನ ಈ ನೀರೇ ಕೆಳಗಿನಿಂದ ವಿಷ ಹೊತ್ತು ಮೇಲೆ ಬರುತ್ತದೆ.

ಇದನ್ನು ನಿನ್ನ ಮಾವನಿಗೆ ನಮ್ಮ ಅಡುಗೆಮನೆಯಲ್ಲೇ ಹೇಳಿದೆ. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಿದ್ದ.

"ಗೊತ್ತು ಅಕ್ಕ. ಔಷಧ ಹಾಕೋ ಯಂತ್ರಕ್ಕೆ ಕೇಳಿದೀನಿ. ಬರೋವರೆಗೂ ನೀರು ನಿಲ್ಲಿಸು ಅಂದ್ರೆ ಬಾವಿ ಒಣಗುತ್ತೆ."

"ಹಾಗಾದ್ರೆ ನಾನು ಬರೆದು ಕಳಿಸ್ತೀನಿ. ಬೇಗ ಬರುತ್ತೆ."

"ಬೇಡಕ್ಕ. ಕಾಗದಕ್ಕೆ ಇಳಿಸಿದ್ರೆ ಮೇಲಿನವರು ಹೆದರಿ ಮೊದಲು ಬಾಗಿಲು ಹಾಕ್ತಾರೆ, ಆಮೇಲೆ ಯೋಚನೆ ಮಾಡ್ತಾರೆ. ನಾನಿದೀನಲ್ಲ, ಸ್ವಲ್ಪ ತಡಿ."

ತಡೆದೆ. ಅವನು ನನ್ನ ಮೇಲಧಿಕಾರಿ ಅಂತಲ್ಲ. ಮೂಗು ಸೋರುತ್ತಿದ್ದ ಕಾಲದಿಂದ ನಾನೇ ಕೈಹಿಡಿದು ಶಾಲೆಗೆ ಕರೆದೊಯ್ದ ತಮ್ಮ. "ನಾನಿದೀನಲ್ಲ" ಅಂದರೆ ಅಕ್ಕನಾದವಳು ಏನು ಮಾಡಬೇಕು, ನೀನೇ ಹೇಳು.

ಯಂತ್ರ ಬರಲಿಲ್ಲ. ಇವತ್ತು ನಾಳೆ ಅಂತ ಕಾಲ ಹೋಯಿತು. ಈ ವರ್ಷದ ಆರಂಭದಲ್ಲಿ ಟ್ಯಾಂಕಿನಿಂದ ತಂದ ನೀರಿನ ಬಾಟಲಿಯ ಮುಚ್ಚಳ ತೆಗೆದೆ. ತೀರಾ ತೆಳುವಾಗಿ, ಇದೆಯೋ ಇಲ್ಲವೋ ಅನ್ನುವಷ್ಟು, ಅದೇ ವಾಸನೆ. ಊಟದ ಹೊತ್ತು, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಮಾವನಿಗೆ ಫೋನು ಮಾಡಿ "ಈಗಲೇ ಬಾ" ಅಂದೆ. ಬಂದ. ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ಮುಚ್ಚಳ ಬಿಗಿದ.

"ಹೂಂ ಅಕ್ಕ. ಇದೆ" ಅಂದ.

"ಗಾಳಿ ಸಿಲಿಂಡರ್, ಮುಖವಾಡ ಎಲ್ಲಾ ಗೇಟಿನ ಹತ್ತಿರ ಬಿದ್ದಿವೆ ಕಣೋ. ಟ್ಯಾಂಕಿನ ಹತ್ತಿರಕ್ಕಾದ್ರೂ ತರಿಸು."

"ತರಿಸ್ತೀನಿ. ಈ ವಾರ ಮೇಲಿನವರ ಜೊತೆ ಮಾತಾಡಿ ಎಲ್ಲಾ ಸರಿ ಮಾಡ್ತೀನಿ. ನೀನು ತಲೆ ಕೆಡಿಸ್ಕೋಬೇಡ."

ಅವನ ಮುಖ ಬಿಳಿಚಿಕೊಂಡಿತ್ತು. ಭಯಪಟ್ಟಿದ್ದಾನೆ, ಇನ್ನು ಮಾಡುತ್ತಾನೆ ಅಂತ ನನಗೆ ಧೈರ್ಯ ಬಂತು. ಆದರೂ ಅವತ್ತಿನಿಂದ ಮನೆಯಲ್ಲಿ ಮೊಟ್ಟೆ ಬೇಯಿಸುವುದನ್ನು ಬಿಟ್ಟೆ. ನಿಮ್ಮಪ್ಪ "ಏನಿದು, ಕೋಳಿಗಳ ಮೇಲೆ ಕೋಪಾನಾ?" ಅಂದರು. ಬೆಳಿಗ್ಗೆ ಎದ್ದರೆ ಮೊದಲು ಕಿಟಕಿ ತೆಗೆದು ಗಾಳಿ ಬೀಸುತ್ತಿದೆಯಾ ಅಂತ ನೋಡುತ್ತಿದ್ದೆ. ಆ ವಿಷ ನಾವು ಉಸಿರಾಡುವ ಗಾಳಿಗಿಂತ ಭಾರ. ಗಾಳಿಯಾಡದ ದಿನ ಅದು ಎಲ್ಲೂ ಹೋಗದೆ ಇದ್ದಲ್ಲೇ ಮಡುಗಟ್ಟುತ್ತದೆ. ಉದ್ದಣ್ಣನಿಗೂ ಹೇಳಿದೆ, "ಟ್ಯಾಂಕಿನ ಮುಚ್ಚಳ ತೆಗೆಯುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಪ್ಪ" ಅಂತ. "ಲ್ಯಾಬಮ್ಮ, ನಾನು ಇಷ್ಟು ಉದ್ದ ಇದೀನಿ, ವಾಸನೆ ನನ್ನ ಮೂಗಿನವರೆಗೆ ಹತ್ತೋಷ್ಟರಲ್ಲಿ ಸುಸ್ತಾಗಿ ಸತ್ತೋಗುತ್ತೆ" ಅಂದು ನಕ್ಕ. ನಾನೂ ನಕ್ಕೆ.

ಆ ದಿನ ಎಲೆಯೂ ಅಲುಗಾಡುತ್ತಿರಲಿಲ್ಲ. ಬೆಳಗಿನ ಪಾಳಿ. ನಾನು ಪಂಪ್‌ಹೌಸಿನಲ್ಲಿ ಮಾದರಿ ನೀರು ಹಿಡಿಯುತ್ತಿದ್ದೆ. ಉದ್ದಣ್ಣ ಎಂದಿನಂತೆ ನೀರಿನ ಮಟ್ಟ ಅಳೆಯಲು ಟ್ಯಾಂಕಿನ ಹೊರಮೆಟ್ಟಿಲು ಹತ್ತುತ್ತಿರುವುದು ಬಾಗಿಲಿಂದ ಕಂಡಿತು. ಮೇಲೆ ಹೋಗಿ ಬಗ್ಗಿ ಮುಚ್ಚಳ ತೆಗೆದ. ಅಷ್ಟೇ. ಕೂಗಲಿಲ್ಲ, ಕೈ ಎತ್ತಲಿಲ್ಲ. ದಾರ ಕಿತ್ತ ಬೊಂಬೆಯ ಹಾಗೆ ಅಲ್ಲೇ ಕುಸಿದ.

ನಾನು ಹೊರಗೆ ಓಡಿದೆ. ಮೊದಲ ಉಸಿರಿಗೇ ಆ ವಾಸನೆ ಮೂಗಿಗೆ ಹೊಡೆಯಿತು. ನಿನ್ನ ಮಾವನ ಜೀಪು ಆಗಷ್ಟೇ ಬಂದು ನಿಂತಿತ್ತು. ಅವನು ಮೇಲೆ ನೋಡಿದ, ನನ್ನನ್ನು ನೋಡಿದ. ಆ ನೋಟವನ್ನು ನಾನು ಮರೆಯಲಾರೆ. "ಹತ್ತಬೇಡ ಕಣೋ! ಮುಖವಾಡ ಬರಲಿ!" ಅಂತ ಕಿರುಚಿದೆ. ಕೇಳಿಸಿಕೊಳ್ಳಲಿಲ್ಲ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲನ್ನು ಹಾರಿ ಹಾರಿ ಹತ್ತಿದ. ಮೇಲಿನ ತಿರುವಿನಲ್ಲಿ ಕಂಬಿ ಹಿಡಿದು ನಿಂತ. ಆಮೇಲೆ ಅವನ ಕೈ ಜಾರಿತು.

ಅಷ್ಟರಲ್ಲಿ ಕೆಳಗೆ ಜನ ಸೇರಿದ್ದರು. ಗೇಟಿಗೆ ಫೋನು ಹೋಗಿತ್ತು, ಸಿಲಿಂಡರ್ ಹೊತ್ತ ಗಾಡಿ ಹೊರಟಿದೆ ಅಂದರು. ಪಂಪಿನ ಮೆಕ್ಯಾನಿಕ್ ಅಂಗಿ ಬಿಚ್ಚಿ ಮುಖಕ್ಕೆ ಸುತ್ತಿಕೊಂಡು ಮೆಟ್ಟಿಲ ಕಡೆ ನುಗ್ಗಿದ. ಅವನ ಹಿಂದೆ ಇನ್ನಿಬ್ಬರು. ನಾನು ಓಡಿಹೋಗಿ ಕೆಳಗಿನ ಮೆಟ್ಟಿಲ ಮೇಲೆ, ಎರಡೂ ಕಡೆ ಕಂಬಿ ಹಿಡಿದು ಅಡ್ಡ ನಿಂತೆ.

"ಜರುಗಿ ಮೇಡಂ, ಸಾಹೇಬ್ರು ಸಾಯ್ತಾ ಇದಾರೆ!"

"ಯಾರೂ ಹತ್ತಕೂಡದು. ಹತ್ತಿದವರೆಲ್ಲ ಅಲ್ಲೇ ಬೀಳ್ತೀರ."

"ನಿಮ್ಮ ತಮ್ಮ ಅಲ್ವಾ ಮೇಡಂ ಮೇಲಿರೋದು? ನಿಮ್ಮ ಒಡಹುಟ್ಟಿದವರು!"

"ಹೂಂ, ನನ್ನ ತಮ್ಮನೇ. ಹೋಗಲೇಬೇಕಾದ್ರೆ ನನ್ನನ್ನು ತುಳ್ಕೊಂಡು ಹೋಗಿ."

ಕುಳ್ಳಿ, ಆಮೇಲೆ ಇನ್ನೊಂದು ಭಯ ಹಿಡಿಯಿತು. ವಾಸನೆ ನಿಂತುಹೋಯಿತು. ಗಾಳಿ ತಿಳಿಯಾಯಿತು ಅಂತ ಅವರೆಲ್ಲ ಅಂದುಕೊಂಡರು. "ಹೋಯ್ತು ಮೇಡಂ, ವಾಸನೆ ಹೋಯ್ತು, ಬಿಡಿ!" ಅಂತ ಮೆಕ್ಯಾನಿಕ್ ನನ್ನ ತೋಳು ಎಳೆದ. ಆದರೆ ಆ ವಿಷ ಜಾಸ್ತಿಯಾದಾಗ ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಬರುತ್ತಿದ್ದರೆ ಇನ್ನೂ ಸಮಯವಿದೆ ಅಂತ ಅರ್ಥ, ನಿಂತರೆ ಓಡಬೇಕು ಅಂತ ಅರ್ಥ. "ಹಿಂದಕ್ಕೆ! ಎಲ್ಲರೂ ಹಿಂದಕ್ಕೆ!" ಅಂತ ಅವನನ್ನು ಎದೆಯಿಂದ ತಳ್ಳಿಕೊಂಡು ಗೋದಾಮಿನ ಗೋಡೆಯವರೆಗೆ ಹೋದೆ. ನನ್ನ ಬೆನ್ನ ಹಿಂದೆ, ಮೇಲೆ, ತಮ್ಮನ ಒಂದು ಶೂ ಮೆಟ್ಟಿಲಂಚಿನಿಂದ ಹೊರಗೆ ಚಾಚಿಕೊಂಡಿತ್ತು. ತಿರುಗಿ ತಿರುಗಿ ಆ ಶೂ ನೋಡುತ್ತಿದ್ದೆ. ಅಲುಗುತ್ತದಾ ಅಂತ.

ಗಾಡಿ ಬಂತು. ಮುಖವಾಡ ಹಾಕಿಕೊಂಡ ಇಬ್ಬರು ಹತ್ತಿದರು. ಮೊದಲು ಸಿಕ್ಕವನು ನಿನ್ನ ಮಾವ. ಮುಖವೆಲ್ಲ ಬೂದಿ ಬಣ್ಣ, ಆದರೆ ಉಸಿರಿತ್ತು. ಉದ್ದಣ್ಣನನ್ನು ಇಳಿಸುವುದಕ್ಕೆ ತುಂಬಾ ಕಷ್ಟವಾಯಿತು. ಅಷ್ಟು ಉದ್ದದ ಮನುಷ್ಯ, ಆ ಕಿರಿದಾದ ಮೆಟ್ಟಿಲ ತಿರುವಿನಲ್ಲಿ. ಅವನ ಕಾಲು ಕಂಬಿಗೆ ಬಡಿಯುತ್ತಿದ್ದ ಸದ್ದು ನನಗಿನ್ನೂ ಕೇಳುತ್ತದೆ. ಅವನು ಹೋಗಿದ್ದ.

ಐಸಿಯುವಿನ ಹೊರಗೆ ಬೆಂಚಿನ ಮೇಲೆ ನಿನ್ನ ಅತ್ತೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತರೆ ಎದ್ದು ನಿಂತಳು. "ಅತ್ತಿಗೆ, ಹತ್ತೋಕೆ ಹೋದವರನ್ನ ನೀವೇ ತಡೆದ್ರಂತೆ. ಹೌದಾ?"

"ಹೌದು."

"ನಿಮ್ಮ ಗಂಡ ಮೇಲೆ ಬಿದ್ದಿದ್ರೂ ತಡೀತಿದ್ರಾ?"

ನಿಮ್ಮಪ್ಪ ಅಲ್ಲೇ ನಿಂತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರು, "ತಡೀತಿದ್ದಳಮ್ಮ. ತಡೆದು, ಆಮೇಲೆ ಜೀವನಪೂರ್ತಿ ಅಳ್ತಿದ್ದಳು" ಅಂದರು. ಅವಳು ಮುಖ ತಿರುಗಿಸಿದಳು. ಆಮೇಲೆ ಒಂದು ದಿನ ತಾನಾಗೇ ಬಂದು ನನ್ನ ಕೈ ಹಿಡಿದಳು. ಅವಳ ಮೇಲೆ ನನಗೆ ಬೇಜಾರಿಲ್ಲ. ನೀನೂ ಮಾಡಿಕೊಳ್ಳಬೇಡ.

ಉದ್ದಣ್ಣನ ಹೆಂಡತಿಯನ್ನು ನೋಡಲು ಹೋದಾಗ ಅವಳು ಒಂದೇ ಮಾತು ಕೇಳಿದಳು, "ಅವರಿಗೆ ನೋವಾಯ್ತಾ ಮೇಡಂ?" ಅಂತ. "ಇಲ್ಲಮ್ಮ. ಒಂದೇ ಉಸಿರು. ಗೊತ್ತೇ ಆಗಿರಲ್ಲ" ಅಂದೆ. ಅದು ನಿಜ, ಸಮಾಧಾನಕ್ಕೆ ಹೇಳಿದ್ದಲ್ಲ. ಅವಳು ತಲೆಯಾಡಿಸಿ, "ಮನೇಲಿ ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸ್ತಿದ್ರು. ಈಗ ಬಾಗಿಲು ನೋಡಿದ್ರೆ ಎಷ್ಟು ದೊಡ್ಡದು ಅನ್ಸುತ್ತೆ" ಅಂದಳು. ನೀನು ಅವಳಿಗೊಂದು ಕಾಗದ ಬರಿ ಕುಳ್ಳಿ. ಉದ್ದ ಬೇಡ, ನಾಲ್ಕು ಸಾಲು ಸಾಕು.

ಮಾವ ಈಗ ಸಾಮಾನ್ಯ ವಾರ್ಡಿಗೆ ಬಂದಿದ್ದಾನೆ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು" ಅಂತ ನರ್ಸ್ ಅವನನ್ನು ದಿನವೂ ಛೇಡಿಸುತ್ತಾಳೆ. ಕೈ ನಡುಗುತ್ತದೆ, ಲೋಟ ಹಿಡಿಯಲು ಎರಡು ಕೈ ಬೇಕು. ಮಾತು ಆಡುತ್ತಾ ಆಡುತ್ತಾ ಎಲ್ಲೋ ಹೊರಟುಹೋಗುತ್ತಾನೆ. ಜೀಪಿನಿಂದ ಇಳಿದಿದ್ದು, ಮೆಟ್ಟಿಲು ಹತ್ತಿದ್ದು ನೆನಪಿಲ್ಲ ಅಂತಾನೆ. ನಿನ್ನನ್ನು ದಿನವೂ ವಿಚಾರಿಸುತ್ತಾನೆ, "ಹಡಗು ಎಲ್ಲಿದೆಯಂತೆ?" ಅಂತ. ನನಗೆ ಗೊತ್ತಿಲ್ಲದಿದ್ದರೂ ಯಾವುದೋ ಒಂದು ಸಮುದ್ರದ ಹೆಸರು ಹೇಳುತ್ತೇನೆ. ಅವನು ಖುಷಿಪಡುತ್ತಾನೆ.

ಬಾವಿಗಳನ್ನು ನಿಲ್ಲಿಸಿದ್ದಾರೆ. ಇಡೀ ಬಯಲಿನಲ್ಲಿ ತಲೆಯಾಡಿಸುತ್ತಿದ್ದ ಪಂಪುಗಳೆಲ್ಲ ಆಡಿಸುತ್ತಿದ್ದ ತಲೆಯನ್ನು ಅರ್ಧಕ್ಕೇ ನಿಲ್ಲಿಸಿವೆ. ಆ ಸದ್ದು ಇಲ್ಲದೆ ನನಗೆ ನಿದ್ದೆ ಬರುವುದಿಲ್ಲ. ಕ್ಷೇತ್ರ ಮತ್ತೆ ಶುರುವಾಗುತ್ತದಾ, ಯಾವಾಗ, ಯಾರಿಗೂ ಗೊತ್ತಿಲ್ಲ. ಅಂಗಡಿ ಬೀದಿಯಲ್ಲಿ ನನ್ನನ್ನು ಕಂಡರೆ ಕೆಲವರು ಕೈಮುಗಿಯುತ್ತಾರೆ, ಕೆಲವರು ರಸ್ತೆ ದಾಟುತ್ತಾರೆ. ಆ ಮೆಕ್ಯಾನಿಕ್ ಮಾತ್ರ ಮನೆಗೇ ಬಂದಿದ್ದ, ಹೆಂಡತಿಯನ್ನೂ ಕರೆದುಕೊಂಡು. ಕೂತು ನೀರು ಕುಡಿದು ಎದ್ದು ಹೋದ. ಅವನ ಹೆಂಡತಿ ಬಾಗಿಲ ಹತ್ತಿರ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ನಾನು ಸದ್ಯ ರಜೆಯಲ್ಲಿದ್ದೇನೆ. ವಿಚಾರಣೆ ನಡೆಯುತ್ತಿದೆ. ಎಲ್ಲರನ್ನೂ ಕರೆಸಿ ಕೇಳುತ್ತಿದ್ದಾರೆ, ನನ್ನನ್ನೂ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದೆ. ನೀನು ಅದರ ಯೋಚನೆ ಮಾಡಬೇಡ. ನಿನ್ನ ಪಾಳಿ ತಪ್ಪಿಸಬೇಡ, ಹೊಟ್ಟೆ ತುಂಬಾ ಊಟ ಮಾಡು. ಹಡಗಿನ ತಳದ ಟ್ಯಾಂಕುಗಳಿಗೆ ಇಳಿಯುವ ಕೆಲಸ ಬಂದರೆ ಮೊದಲು ಗಾಳಿ ಪರೀಕ್ಷೆ ಮಾಡಿಸು. ಯಾರಾದರೂ ಒಳಗೆ ಬಿದ್ದಿದ್ದರೂ, ಅವರು ನಿನ್ನ ಪ್ರಾಣ ಸ್ನೇಹಿತರೇ ಆಗಿದ್ದರೂ, ಮುಖವಾಡವಿಲ್ಲದೆ ಇಳಿಯಬೇಡ. ಇದು ಅಮ್ಮನ ಆಣೆ.

ಹೋದಲ್ಲೆಲ್ಲ ನಿನಗೆ ಒಳ್ಳೆಯ ಗಾಳಿ ಸಿಗಲಿ. ಕಡಲು ನಿನ್ನನ್ನು ಹೂವಿನ ಹಾಗೆ ಹೊತ್ತು ದಡಕ್ಕೆ ತರಲಿ. ಅಪ್ಪನೂ ಆಶೀರ್ವಾದ ಹೇಳಿದ್ದಾರೆ. ನಿನ್ನ ಕನ್ನಡಕದ ಕಾಲು ಮತ್ತೆ ಮುರಿದಿದೆಯಾ ಅಂತ ಕೇಳುತ್ತಿದ್ದಾರೆ.

ನಿನ್ನ
ಅಮ್ಮ

ಮರೆತ ಮಾತು: ಮರೆತಿದ್ದಲ್ಲ, ಬರೆಯಬಾರದು ಅಂತ ಇದ್ದೆ. ಲಕೋಟೆಗೆ ಅಂಟು ಹಚ್ಚುವಾಗ ಕೈ ಬರಲಿಲ್ಲ. ಇವತ್ತಲ್ಲ ನಾಳೆ ನಿನಗೆ ಗೊತ್ತಾಗುವುದೇ.

ನನ್ನ ರಜೆ ನಾನು ಕೇಳಿದ್ದಲ್ಲ, ಅವರು ಕೊಟ್ಟಿದ್ದು. ವಿಚಾರಣೆಯಲ್ಲಿ ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಆ ಅಧಿಕಾರಿ ನನ್ನ ಮುಖ ನೋಡದೆ, "ನಿಮ್ಮ ತಮ್ಮ ಬೇರೆ ಹೇಳಿದಾರಲ್ಲಮ್ಮ" ಅಂದರು. ಆಸ್ಪತ್ರೆಗೆ ಹೋಗಿ ಅವನ ಹೇಳಿಕೆ ತೆಗೆದುಕೊಂಡಿದ್ದರಂತೆ, ಓದಿದರು. ಲ್ಯಾಬಿನಿಂದ ಈ ವಿಷಗಾಳಿಯ ಬಗ್ಗೆ ತನಗೆ ಯಾವತ್ತೂ, ಯಾವ ಎಚ್ಚರಿಕೆಯೂ ಬಂದಿರಲಿಲ್ಲ ಅಂತ ಹೇಳಿದ್ದಾನೆ. ಕಾಗದದಲ್ಲಿ ಇದೆಯಾ ಅಂತ ನನ್ನನ್ನು ಕೇಳಿದರು. ಇಲ್ಲ. ಮಾತು ಆಡಿದರೆ ಹೋಯಿತು ಅಂತಾರಲ್ಲ, ಹಾಗೇ ಹೋಯಿತು. ಹಾಗಾಗಿ ಈಗ ಉದ್ದಣ್ಣನ ಸಾವು ನನ್ನ ತಲೆಗೆ ಬಂದಿದೆ.

ಡಾಕ್ಟರನ್ನು ಕೇಳಿದೆ. ಈ ಗಾಳಿ ಕುಡಿದವರಿಗೆ ಹಿಂದಿನ ಎಷ್ಟೋ ಕಾಲದ ನೆನಪು ಅಳಿಸಿಹೋಗುವುದುಂಟು, ಹೋಗದೆಯೂ ಇರಬಹುದು, ಅವರ ಒಳಗೆ ಇಳಿದು ನೋಡೋಕಾಗಲ್ಲ ಅಂದರು. ಅವತ್ತು ಸಂಜೆಯೂ ಎಂದಿನಂತೆ ಅವನಿಗೆ ಬ್ರೆಡ್ಡು ತೆಗೆದುಕೊಂಡು ಹೋದೆ. "ಬಾ ಅಕ್ಕ" ಅಂತ ನಕ್ಕ. ನಡುಗುವ ಕೈಗೆ ತುತ್ತು ಕೊಡುತ್ತಾ ಅವನ ಕಣ್ಣನ್ನೇ ನೋಡಿದೆ. ನಿಜಕ್ಕೂ ಮರೆತಿದ್ದಾನಾ, ಹೆದರಿ ಸುಳ್ಳು ಹೇಳಿದ್ದಾನಾ? ಹುಟ್ಟಿದಾಗಿನಿಂದ ನೋಡಿದ ಕಣ್ಣು ಅದು. ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ದಿನವೂ ದೇವರಲ್ಲಿ ಒಂದೇ ಬೇಡಿಕೊಳ್ಳುತ್ತಿದ್ದೇನೆ, ಅವನಿಗೆ ಮರೆತೇ ಹೋಗಿರಲಿ ಅಂತ. ತಮ್ಮನ ತಲೆ ಕೆಟ್ಟಿರಲಿ ಅಂತ ಬೇಡಿಕೊಳ್ಳುವ ಅಕ್ಕ ಇನ್ನೆಲ್ಲಾದರೂ ಇದ್ದಾಳಾ, ಕುಳ್ಳಿ?